ಮುದಿ ಹೆಣ್ಣು ಕುದುರೆ ಗಬ್ಬ ನಿಲ್ಲದಿರುವುದೇಕೆ?

(ಭಾಷಣದ ಪಠ್ಯ)



ಅಥಣಿ ತಾಲೂಕಿನ ಐಗಳಿ ಸುತ್ತಮುತ್ತ ಹಾಗೂ ರಾಯಬಾಗ, ಚಿಕ್ಕೋಡಿ ಭಾಗಗಳಲ್ಲಿ ಹಿಂಡಿನೊಡನೆ ಊರೂರು ಸಂಚರಿಸುವ ಕುರಿಗಾರ ಕುಟುಂಬಕ್ಕೆ ಕುದುರೆಯೇ ಬಂಡಿ. ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿ ಎಲ್ಲವೂ ಅದರ ಬೆನ್ನ ಮೇಲೆ. ಅದು ಮುದಿಯಾದಾಗ ಅದರ ಜಾಗಕ್ಕೆ ಮರಿ ಸಿದ್ಧವಿಲ್ಲದಿದ್ದರೆ ಕುರಿ ಮಾರಿ ಕುದುರೆ ಕೊಳ್ಳಬೇಕಾಗುತ್ತದೆ.

ಹೆಣ್ಣು ಕುದುರೆ ಮುದಿಯಾದರೂ ಬೆದೆಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಗಬ್ಬವೂ ನಿಲ್ಲುತ್ತದೆಂದು ನಂಬುವುದು ಸಹಜ. ಆದರೆ ಸುಮಾರು 15 ವರ್ಷದ ನಂತರ ಫಲವಂತಿಕೆ ಇಳಿಯತೊಡಗುತ್ತದೆ. ಕೆಲವು 20 ದಾಟಿದ ಮೇಲೂ ಈಯುವುದುಂಟು. ಅದನ್ನೇ ನಿಯಮವೆಂದು ತಿಳಿಯಬಾರದು.

ಇದಕ್ಕೆ ಮೂರು ಮುಖ್ಯ ಕಾರಣಗಳಿವೆ. ಮೊದಲನೆಯದು, ಅಂಡಾಣುಗಳು ಹುಟ್ಟುವಾಗಲೇ ಅಂಡಾಶಯದಲ್ಲಿದ್ದು, ಕುದುರೆಯೊಡನೆ ಅವಕ್ಕೂ ವಯಸ್ಸಾಗುತ್ತದೆ. ಗಬ್ಬ ನಿಂತರೂ ಭ್ರೂಣ ಮೊದಲ ವಾರಗಳಲ್ಲೇ ಸಾಯಬಹುದು. ಎರಡನೆಯದು, ಹಲವು ಸಲ ಈದ ಗರ್ಭಕೋಶ ಜೋತುಬೀಳುತ್ತದೆ, ಅದರ ಒಳಪದರ ನಾರುಗಟ್ಟುತ್ತದೆ. ಹಾರಿಸಿದ ನಂತರ ಸೇರುವ ದ್ರವ ಹೊರಹೋಗದೆ ನಿಂತು ಕೀವಾಗುತ್ತದೆ. ಮೂರನೆಯದು, ಮೈ ಬಡವಾದಂತೆ ಗುದದ್ವಾರ ಒಳಸರಿದು, ಯೋನಿದ್ವಾರ ಓರೆಯಾಗುತ್ತದೆ. ಗಾಳಿ, ಲದ್ದಿ ಒಳಸೇರುತ್ತವೆ. ಇದನ್ನು ಬಾಲ ಎತ್ತಿ ನೋಡಿದರೆ ಯಾರಾದರೂ ಗುರುತಿಸಬಹುದು.

ವಯಸ್ಸು ತಿಳಿಯದಿದ್ದರೆ ಹಲ್ಲು ನೋಡಿರಿ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಹೊರಮೈಯಲ್ಲಿ ಸುಮಾರು 10 ವರ್ಷಕ್ಕೆ ಒಸಡಿನ ಬಳಿ ಒಂದು ಗೀರು ಕಾಣಿಸುತ್ತದೆ. ಸುಮಾರು 15ಕ್ಕೆ ಅದು ಹಲ್ಲಿನ ಅರ್ಧಕ್ಕೆ, 20ಕ್ಕೆ ತುದಿಗೆ ಇಳಿದಿರುತ್ತದೆ. ಇದು ಅಂದಾಜು ಮಾತ್ರ.

ಗಬ್ಬ ನಿಲ್ಲದ ಮುದಿ ಕುದುರೆಯನ್ನು ಪ್ರತಿ ಬೆದೆಗೂ ಹಾರಿಸುತ್ತ ಹೋಗಬಾರದು. ಪ್ರತಿ ಸಲವೂ ಗರ್ಭಕೋಶಕ್ಕೆ ಹೊಸ ಸೋಂಕು ತಗಲಬಹುದು. ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿರಿ. ಯೋನಿದ್ವಾರ ಓರೆಯಾಗಿದ್ದರೆ ಅದರ ಮೇಲ್ಭಾಗಕ್ಕೆ ಹೊಲಿಗೆ ಹಾಕುತ್ತಾರೆ. ಈಯುವ ಮುನ್ನ ಆ ಭಾಗವನ್ನು ವೈದ್ಯರಿಂದ ಬಿಡಿಸಲೇಬೇಕು. ಮರೆತರೆ ಹರಿದು ಗಾಯವಾಗುತ್ತದೆ. ಹಾರಿಸಿದ 14ರಿಂದ 16ನೆಯ ದಿನಕ್ಕೆ ಸ್ಕ್ಯಾನ್ ಮಾಡಿಸಿದರೆ ಗಬ್ಬ ತಿಳಿಯುತ್ತದೆ. ಮುದಿ ಕುದುರೆಯಲ್ಲಿ ಭ್ರೂಣ ನಷ್ಟವಾಗುವುದು ಹೆಚ್ಚಾದ್ದರಿಂದ ಮುಂದೆ ಮತ್ತೊಮ್ಮೆ ನೋಡಿಸುವುದು ಒಳ್ಳೆಯದು.

ಗಬ್ಬದ ಅವಧಿ ಸುಮಾರು 11 ತಿಂಗಳು. ಕೊನೆಯ ಮೂರು ತಿಂಗಳಲ್ಲಿ ಮರಿ ಬೇಗ ಬೆಳೆಯುವುದರಿಂದ ಹೊರೆ ಇಳಿಸಿ, ಮೇವು ಹೆಚ್ಚಿಸಿರಿ. ಮುದಿ ಕುದುರೆ ಈಯುವಾಗ ಗರ್ಭಕೋಶದ ರಕ್ತನಾಳ ಒಡೆದು ಸಾಯುವ ಭಯವೂ ಇದೆ. ಮರಿಯ ಆಸೆಗೆ ದುಡಿಯುವ ತಾಯಿಯನ್ನೇ ಕಳೆದುಕೊಂಡರೆ ಬಿಡಾರವೇ ನಿಂತುಹೋಗುತ್ತದೆ.

ಆದುದರಿಂದ ಕುದುರೆ ಹತ್ತು ಹನ್ನೆರಡು ವರ್ಷದೊಳಗಿರುವಾಗಲೇ ಅದರಿಂದ ಒಂದು ಹೆಣ್ಣು ಮರಿ ಪಡೆದು ಉಳಿಸಿಕೊಳ್ಳಿರಿ. ತಾಯಿ ಮುದಿಯಾಗುವ ಹೊತ್ತಿಗೆ ಮಗಳು ಹೊರೆಗೆ ಬಂದಿರುತ್ತದೆ.