ವಾರ್ ಫೈಲ್: ಒಳಗೇನಿರಬೇಕು, ಹೊರಗೇನಿರಬೇಕು

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕೂತು ಕೇಳ್ತಿರೋ ನಿಮ್ಮಲ್ಲಿ ಅನೇಕರು ಜಾವಾ ಪ್ರಾಜೆಕ್ಟ್‌ಗಳಲ್ಲಿ ಇರ್ತೀರಿ. ಇವತ್ತಿನ ವಿಷಯ ವಾರ್ ಫೈಲ್, ಅಂದರೆ ವೆಬ್ ಆರ್ಕೈವ್. ಒಂದೇ ಸಾಲಲ್ಲಿ ಹೇಳೋದಾದ್ರೆ: ಬದಲಾಗದೇ ಇರೋದು ಫೈಲ್ ಒಳಗೆ, ಬದಲಾಗೋದೆಲ್ಲ ಹೊರಗೆ.

ವಾರ್ ಅಂದ್ರೆ ಒಂದು ಜಿಪ್ ಫೈಲ್, ಅಷ್ಟೇ. ಎಚ್‌ಟಿಎಂಎಲ್, ಜೆಎಸ್‌ಪಿ, ಚಿತ್ರಗಳು ಮೇಲಿನ ಹಂತದಲ್ಲಿರುತ್ತವೆ. ವೆಬ್-ಇನ್ಫ್ ಅನ್ನೋ ಫೋಲ್ಡರ್ ಒಳಗೆ ಎರಡು ಮುಖ್ಯ ಜಾಗ: ನಮ್ಮ ಕೋಡ್ ಕ್ಲಾಸಸ್‌ನಲ್ಲಿ, ಲೈಬ್ರರಿಗಳು ಲಿಬ್‌ನಲ್ಲಿ. ಈ ವೆಬ್-ಇನ್ಫ್ ಒಳಗಿನದ್ದನ್ನು ಬ್ರೌಸರ್ ನೇರವಾಗಿ ಕೇಳೋಕೆ ಆಗಲ್ಲ.

ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್ ಫೋಲ್ಡರ್‌ಗೆ ವಾರ್ ಹಾಕಿದರೆ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ತಾನೇ ಫೈಲನ್ನು ಬಿಚ್ಚಿ, ಅದೇ ಹೆಸರಿನ ಫೋಲ್ಡರ್ ಮಾಡಿ, ಆ್ಯಪ್ ಶುರು ಮಾಡುತ್ತೆ. ಶಾಪ್.ವಾರ್ ಹಾಕಿದ್ರೆ ವಿಳಾಸ /ಶಾಪ್.

ತೊಂದರೆ ಇರೋದು ಇಲ್ಲೇ. ಆ ಬಿಚ್ಚಿದ ಫೋಲ್ಡರ್ ನಮ್ಮದಲ್ಲ, ಟಾಮ್‌ಕ್ಯಾಟ್‌ನದ್ದು. ಹೊಸ ವಾರ್ ಬಂದಾಗ ಹಳೇ ಫೋಲ್ಡರ್ ಅಳಿಸಿ ಹೊಸದಾಗಿ ಬಿಚ್ಚುತ್ತೆ. ಗ್ರಾಹಕರು ಅಪ್‌ಲೋಡ್ ಮಾಡಿದ ದಾಖಲೆಗಳು ಅದರೊಳಗೇ ಸೇವ್ ಆಗ್ತಿದ್ರೆ? ತಿಂಗಳುಗಟ್ಟಲೆ ಎಲ್ಲ ಸರಿ ಇರುತ್ತೆ, ಮುಂದಿನ ರಿಲೀಸ್ ರಾತ್ರಿ ಅಷ್ಟೂ ಹೋಗುತ್ತೆ. ರೋಲ್‌ಬ್ಯಾಕ್ ಮಾಡಿದ್ರೂ ವಾಪಸ್ ಬರಲ್ಲ, ಯಾಕಂದ್ರೆ ಹಳೇ ವಾರ್‌ನಲ್ಲಿ ಅವು ಇರಲೇ ಇಲ್ಲ. ಸರ್ವರ್‌ಗೆ ಲಾಗಿನ್ ಆಗಿ ಕೈಯಾರೆ ತಿದ್ದಿದ ಜೆಎಸ್‌ಪಿಯ ಗತಿಯೂ ಇದೇ. ಅದಕ್ಕೆ ಅಪ್‌ಲೋಡ್‌ಗಳು ಬೇರೆ ಡೈರೆಕ್ಟರಿಗೆ ಹೋಗಲಿ, ತಿದ್ದುಪಡಿ ಗಿಟ್‌ನಿಂದಲೇ ಬರಲಿ.

ಎರಡನೇದು ಕಾನ್ಫಿಗರೇಶನ್. ಡೇಟಾಬೇಸ್ ಪಾಸ್‌ವರ್ಡ್ ವಾರ್ ಒಳಗಿಟ್ಟರೆ ಟೆಸ್ಟಿಂಗ್‌ಗೊಂದು, ಪ್ರೊಡಕ್ಷನ್‌ಗೊಂದು ಬಿಲ್ಡ್ ಮಾಡಬೇಕಾಗುತ್ತೆ. ಆಗ ಟೆಸ್ಟರ್ ಪಾಸ್ ಮಾಡಿದ ಫೈಲೇ ಬೇರೆ, ಗ್ರಾಹಕರಿಗೆ ಹೋದ ಫೈಲೇ ಬೇರೆ. ಮನೆ ಶಿಫ್ಟ್ ಮಾಡುವಾಗ ಪಾತ್ರೆ, ಪುಸ್ತಕ ಡಬ್ಬಿಯಲ್ಲಿ ಬರುತ್ತೆ, ಕರೆಂಟ್ ಕನೆಕ್ಷನ್ ಮಾತ್ರ ಹೊಸ ಮನೆಯಲ್ಲೇ ಇರಬೇಕು. ಹಾಗೇ ಇದೂ. ಪಾಸ್‌ವರ್ಡ್, ಯುಆರ್‌ಎಲ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೋ, ಟಾಮ್‌ಕ್ಯಾಟ್‌ನ ಕಾನ್ಫ್ ಫೋಲ್ಡರ್‌ನಲ್ಲಿ ಜೆಎನ್‌ಡಿಐ ರಿಸೋರ್ಸ್ ಆಗಿಯೋ ಇಡಿ. ಒಂದೇ ಸಲ ಬಿಲ್ಡ್ ಮಾಡಿ, ಅದೇ ಫೈಲ್ ಎಲ್ಲ ಕಡೆ ಹೋಗಲಿ.

ಮೂರನೇದು ಸಣ್ಣದು, ಆದ್ರೆ ರಾತ್ರಿ ನಿದ್ದೆ ಕೆಡಿಸುತ್ತೆ. ಆಫೀಸ್ ವಿಪಿಎನ್ ನಿಧಾನವಾಗಿರುವಾಗ ದೊಡ್ಡ ವಾರ್ ಅನ್ನು ನೇರವಾಗಿ ವೆಬ್‌ಆ್ಯಪ್ಸ್‌ಗೆ ಕಾಪಿ ಮಾಡಿದರೆ, ಅರ್ಧ ಬಂದ ಫೈಲನ್ನೇ ಟಾಮ್‌ಕ್ಯಾಟ್ ಬಿಚ್ಚೋಕೆ ಹೋಗಿ ಎರರ್ ಕೊಡಬಹುದು. ಮೊದಲು ಅದೇ ಡಿಸ್ಕ್‌ನ ಬೇರೆ ಫೋಲ್ಡರ್‌ಗೆ ಪೂರ್ತಿ ಕಾಪಿ ಮಾಡಿ, ಚೆಕ್‌ಸಮ್ ನೋಡಿ, ಆಮೇಲೆ ಮೂವ್ ಮಾಡಿ.

‘ನಮ್ಮದು ಸ್ಪ್ರಿಂಗ್ ಬೂಟ್, ಡಾಕರ್, ನಮಗೆ ಇದೆಲ್ಲ ಬೇಕಿಲ್ಲ’ ಅಂತೀರಾ? ವಾಲ್ಯೂಮ್ ಇಲ್ಲದ ಕಂಟೇನರ್ ಒಳಗೆ ಬರೆದ ಫೈಲೂ ಆ ಕಂಟೇನರ್ ತೆಗೆದಾಗ ಜೊತೆಗೇ ಹೋಗುತ್ತೆ. ಡಬ್ಬಿ ಬದಲಾಗಿದೆ, ನಿಯಮ ಅದೇ.

ಸೋಮವಾರ ಆಫೀಸಿಗೆ ಹೋದಾಗ ಎರಡು ಕೆಲಸ ಮಾಡಿ. ‘ಜಾರ್ ಟಿಎಫ್’ ಕಮಾಂಡ್ ಕೊಟ್ಟು ನಿಮ್ಮ ವಾರ್ ಒಳಗಿನ ಪಟ್ಟಿ ನೋಡಿ, ಪಾಸ್‌ವರ್ಡ್ ಇರೋ ಪ್ರಾಪರ್ಟೀಸ್ ಫೈಲ್ ಸಿಗುತ್ತಾ ಅಂತ. ಕೋಡ್‌ನಲ್ಲಿ ‘ಗೆಟ್‌ರಿಯಲ್‌ಪಾತ್’ ಅಂತ ಹುಡುಕಿ, ಬಿಚ್ಚಿದ ಫೋಲ್ಡರ್‌ಗೆ ಫೈಲ್ ಬರೆಯೋ ಜಾಗ ಬಹಳ ಸಲ ಅಲ್ಲೇ ಸಿಗುತ್ತೆ. ಸಿಕ್ಕರೆ ಮುಂದಿನ ರಿಲೀಸ್‌ಗೆ ಮುಂಚೆಯೇ ಬ್ಯಾಕಪ್ ತಗೊಳ್ಳಿ.