ಮರಳಿ ಬಂದ ವೀರ

ನಮ್ಮ ಊರುಗಳ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ತಾವೆಲ್ಲ ನೋಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ, ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಸಾಯದೆ ಮನೆಗೆ ಮರಳಿ, ಊಟ ಮುಗಿಸಿ, ನಿದ್ದೆ ಬಾರದೆ ಹೊರಳಾಡಿದ ವೀರನಿಗೆ ಅಲ್ಲಿ ನಾಲ್ಕನೆಯ ಪಟ್ಟಿಕೆ ಇಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥವನೊಬ್ಬನ ಸಂಗತಿ. ದೂರದ ಅಮೆರಿಕದವನು, ಹೆಸರು ಆಡಿ ಮರ್ಫಿ.

ಆತನನ್ನು ನಾನು ಮೊದಲು ಕಂಡದ್ದು ಬಾಲ್ಯದಲ್ಲಿ, ಭಾನುವಾರ ಬೆಳಗಿನ ಇಂಗ್ಲಿಷ್ ಆಟವೊಂದರಲ್ಲಿ. ಚಿತ್ರದ ಹೆಸರು ‘ಟು ಹೆಲ್ ಅಂಡ್ ಬ್ಯಾಕ್’. ಮಾತು ಒಂದೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಹೊತ್ತಿ ಉರಿಯುವ ಟ್ಯಾಂಕಿನ ಮೇಲೆ ಎಳೆಮೊಗದ ಸೈನಿಕನೊಬ್ಬ ಒಂಟಿಯಾಗಿ ನಿಂತು ಮೆಷಿನ್‌ಗನ್ ಹಾರಿಸುತ್ತಾನೆ. ಇವನು ಬರಿಯ ನಟನಲ್ಲ, ಇದನ್ನೆಲ್ಲ ನಿಜವಾಗಿ ಮಾಡಿದವನೂ ಇವನೇ ಎಂದು ಪಕ್ಕದಲ್ಲಿದ್ದ ಹಿರಿಯರು ಪಿಸುಗುಟ್ಟಿದಾಗ ಮೈ ಜುಮ್ಮೆಂದಿತು. ಆ ಸಂಜೆ ನಮ್ಮ ಬೀದಿಯಲ್ಲಿ ನೊಗ ಇಳಿಸಿ ನಿಲ್ಲಿಸಿದ್ದ ಎತ್ತಿನ ಗಾಡಿಯೊಂದು ಟ್ಯಾಂಕಾಯಿತು. ಅದನ್ನು ಏರುವ ಸರದಿಗಾಗಿ ಜಗಳಗಳಾದವು. ಜರ್ಮನ್ ಸೈನಿಕನಾಗಲು ಮಾತ್ರ ಯಾರೂ ಒಪ್ಪಲಿಲ್ಲ.

ಮರ್ಫಿ ಹುಟ್ಟಿದ್ದು ಟೆಕ್ಸಾಸಿನಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ಸಂಸಾರದಲ್ಲಿ. ತಂದೆ ಮನೆ ಬಿಟ್ಟು ಹೋದ. ತಾಯಿ 1941ರಲ್ಲಿ ತೀರಿಕೊಂಡಳು. ಮರುವರ್ಷ ಹುಡುಗ ವಯಸ್ಸನ್ನು ಹೆಚ್ಚಿಸಿ ಬರೆಸಿ ಸೇನೆಗೆ ಸೇರಿದ. ಮೈಕಟ್ಟು ಸಾಲದೆಂದು ಮರೀನ್ ಪಡೆ ಅವನನ್ನು ಅದಕ್ಕೆ ಮೊದಲೇ ಹಿಂದಕ್ಕೆ ಕಳಿಸಿತ್ತು! ಸಿಸಿಲಿ, ಇಟಲಿಯ ಆಂಝಿಯೊ, ದಕ್ಷಿಣ ಫ್ರಾನ್ಸ್, ಹೀಗೆ ಕಾಳಗದಿಂದ ಕಾಳಗಕ್ಕೆ ನಡೆದ. 1944ರ ಆಗಸ್ಟಿನಲ್ಲಿ ಅವನ ಜೀವದ ಗೆಳೆಯ ಲ್ಯಾಟಿ ಟಿಪ್ಟನ್, ಶತ್ರುಗಳು ತೋರಿದ ಬಿಳಿಯ ಬಾವುಟವನ್ನು ನಂಬಿ ಎದ್ದು ನಿಂತು, ಗುಂಡು ತಗುಲಿ ಸತ್ತ. 1945ರ ಜನವರಿ 26ರಂದು ಫ್ರಾನ್ಸಿನ ಹೋಲ್ಟ್ಸ್‌ವಿರ್ ಗ್ರಾಮದ ಬಳಿ ಆರು ಜರ್ಮನ್ ಟ್ಯಾಂಕುಗಳೂ ಕಾಲಾಳುಗಳೂ ಏರಿ ಬಂದಾಗ, ಮರ್ಫಿ ತನ್ನವರನ್ನು ಕಾಡಿನೊಳಕ್ಕೆ ಕಳಿಸಿದ. ತಾನೊಬ್ಬ ಹಿಂದುಳಿದು ಟೆಲಿಫೋನಿನಲ್ಲಿ ಫಿರಂಗಿದಳಕ್ಕೆ ಗುರಿ ಹೇಳುತ್ತಿದ್ದ. ಬಳಿಕ ತಮ್ಮದೇ ಪಡೆಯ ಉರಿಯುತ್ತಿದ್ದ ಫಿರಂಗಿ ಬಂಡಿಯನ್ನು ಹತ್ತಿ, ಸುಮಾರು ಒಂದು ಗಂಟೆ ಶತ್ರುವನ್ನು ತಡೆದ. ಕಾಲಿಗೆ ಗಾಯವಾಗಿತ್ತು. ಮೀಸೆ ಬಲಿಯದ ವಯಸ್ಸು.

ಈ ಒಂದು ಗಂಟೆಯನ್ನು ಅಮೆರಿಕ ಮರೆಯಲಿಲ್ಲ. ಅವನು ಮರೆಯುವುದಕ್ಕೂ ಬಿಡಲಿಲ್ಲ. ಅತ್ಯುನ್ನತವಾದ ‘ಮೆಡಲ್ ಆಫ್ ಆನರ್’ ಬಂತು. ಜುಲೈ ತಿಂಗಳಲ್ಲಿ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಆ ನಗುಮೊಗ ಕಾಣಿಸಿತು; ಅದನ್ನು ಕಂಡು ನಟ ಜೇಮ್ಸ್ ಕ್ಯಾಗ್ನಿ ಅವನನ್ನು ಹಾಲಿವುಡ್ಡಿಗೆ ಕರೆಸಿಕೊಂಡ. ಮುಂದಿನ ಇಪ್ಪತ್ತು ವರ್ಷ ಕುದುರೆ, ಪಿಸ್ತೂಲುಗಳ ಚಿತ್ರಗಳೇ ಹೆಚ್ಚು; ಅವುಗಳ ಬಗ್ಗೆ ಇಲ್ಲಿ ಹೇಳಬೇಕಾದದ್ದಿಲ್ಲ. ಎರಡು ಚಿತ್ರಗಳ ಮಾತು ಬೇರೆ.

1951ರಲ್ಲಿ ನಿರ್ದೇಶಕ ಜಾನ್ ಹ್ಯೂಸ್ಟನ್, ಸ್ಟೀಫನ್ ಕ್ರೇನನ ‘ದಿ ರೆಡ್ ಬ್ಯಾಜ್ ಆಫ್ ಕರೇಜ್’ ಕಾದಂಬರಿಯನ್ನು ಚಿತ್ರವಾಗಿಸಿದ. ಅದರ ನಾಯಕ ಮೊದಲ ಕಾಳಗದಲ್ಲೇ ಹೆದರಿ ಓಡಿಹೋಗುವ ತರುಣ. ಆ ಅಂಜುಬುರುಕನ ಪಾತ್ರಕ್ಕೆ ಹ್ಯೂಸ್ಟನ್ ಆರಿಸಿದ್ದು ದೇಶದ ಮಹಾವೀರನೆನಿಸಿದ್ದ ಮರ್ಫಿಯನ್ನು. ಆ ಕಣ್ಣುಗಳಲ್ಲಿನ ಭಯ ನಟನೆಯಿಂದ ಬಂದದ್ದಲ್ಲವೆಂದೇ ನನಗೆ ತೋರುತ್ತದೆ. ಅವನ ಅತ್ಯುತ್ತಮ ಕೆಲಸ ಅದು. ಚಿತ್ರ ಸೋತಿತು. ನಿರ್ಮಾಪಕರು ಅದನ್ನು ಕತ್ತರಿಸಿ ಮೊಟಕುಮಾಡಿದ್ದೂ ಒಂದು ಕಾರಣ, ನಿಜ. ನಾಲ್ಕು ವರ್ಷಗಳ ತರುವಾಯ, 1955ರಲ್ಲಿ, ಅವನದೇ ಆತ್ಮಕಥೆಯ ಮೇಲೆ ನಿಂತ ‘ಟು ಹೆಲ್ ಅಂಡ್ ಬ್ಯಾಕ್’ ಬಂತು. ಯೂನಿವರ್ಸಲ್ ಸಂಸ್ಥೆಗೆ ಅದು ಅಪಾರ ಹಣ ತಂದಿತು. ಹೆದರಿದ ಮರ್ಫಿಯನ್ನು ನೋಡಲು ಒಲ್ಲದ ಜನ ಹೆದರದ ಮರ್ಫಿಯನ್ನು ನೋಡಲು ಸಾಲುಗಟ್ಟಿ ನಿಂತರು. ಆ ಸಾಲಿನ ಕೊನೆಯಲ್ಲಿ, ಎಷ್ಟೋ ವರ್ಷ ತಡವಾಗಿ, ನಾನೂ ಇದ್ದೆ.

ತನ್ನ ಪಾತ್ರವನ್ನು ತಾನೇ ಮಾಡಲು ಅವನು ಮೊದಲು ಒಪ್ಪಿರಲಿಲ್ಲ. ಬೇರೊಬ್ಬ ನಟನ ಹೆಸರನ್ನು ಸೂಚಿಸಿದ್ದ. ಕೊನೆಗೆ ವಾಷಿಂಗ್ಟನ್ ರಾಜ್ಯದ ಸೇನಾನೆಲೆಯೊಂದರಲ್ಲಿ ಮತ್ತೆ ಬೆಂಕಿಯ ಮೇಲೆ ನಿಂತ. ನಿಜದ ದಿನ ನೆಲದ ತುಂಬ ಹಿಮವಿತ್ತು. ಚಿತ್ರದಲ್ಲಿ ಹಿಮವಿಲ್ಲ, ಬಿಸಿಲಿದೆ. ಮಡಿದ ಗೆಳೆಯ ಬೇರೆ ಹೆಸರಿನಲ್ಲಿ, ಬೇರೆ ನಟನ ರೂಪದಲ್ಲಿ, ಕ್ಯಾಮೆರಾದ ಎದುರು ಮತ್ತೊಮ್ಮೆ ಸತ್ತ. ಆ ದಿನಗಳ ಚಿತ್ರೀಕರಣ ಮುಗಿದ ಮೇಲೆ ಆ ಮನುಷ್ಯ ರಾತ್ರಿಗಳನ್ನು ಹೇಗೆ ಕಳೆದನೋ!

ರಾತ್ರಿಗಳ ಸಂಗತಿ ಜನರಿಗೆ ಆಮೇಲೆ ತಿಳಿಯಿತು. ತಲೆದಿಂಬಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದ. ನಿದ್ದೆ ಮಾತ್ರೆಗಳ ಚಟ ಅಂಟಿತು. ಕೋಣೆಯೊಂದರಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡು ಅದನ್ನು ಬಿಟ್ಟ. ಜೂಜಿನಲ್ಲಿ ಹಣ ಕಳೆದ, 1968ರಲ್ಲಿ ದಿವಾಳಿಯಾದ. ಆದರೂ ಮದ್ಯ, ಸಿಗರೇಟುಗಳ ಜಾಹೀರಾತಿಗೆ ಮುಖ ಕೊಡಲಿಲ್ಲ, ಮಕ್ಕಳು ತನ್ನನ್ನು ನೋಡುತ್ತಾರೆಂಬ ಕಾರಣಕ್ಕೆ. ಪದಕಗಳನ್ನೂ ಮಕ್ಕಳಿಗೆ ಹಂಚಿಬಿಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ಧೈರ್ಯ ಇನ್ನೊಂದು. ಕೊರಿಯ, ವಿಯೆಟ್ನಾಮ್ ಯುದ್ಧಗಳಿಂದ ಮರಳಿದವರ ಮನಸ್ಸಿನ ಗಾಯಗಳನ್ನು ಸರ್ಕಾರ ಗಮನಿಸಬೇಕೆಂದು, ತನ್ನ ಪಾಡನ್ನು ಮುಂದಿಟ್ಟು ಬಹಿರಂಗವಾಗಿ ಮಾತನಾಡಿದ. ವೈದ್ಯರು ಆ ಕಾಯಿಲೆಗೆ ಈಗಿನ ಹೆಸರನ್ನು ಇಟ್ಟದ್ದು 1980ರಲ್ಲಿ. ಆ ವೇಳೆಗೆ ಮರ್ಫಿ ಇರಲಿಲ್ಲ. 1971ರ ಮೇ 28ರಂದು ವರ್ಜೀನಿಯದ ಬೆಟ್ಟವೊಂದಕ್ಕೆ ಅಪ್ಪಳಿಸಿದ ವಿಮಾನದಲ್ಲಿ ತೀರಿಕೊಂಡಿದ್ದ.

ಆರ್ಲಿಂಗ್ಟನ್ನಿನ ಸೈನಿಕ ಸಮಾಧಿಭೂಮಿಯಲ್ಲಿ ಅವನನ್ನು ಹೂಳಲಾಯಿತು. ‘ಮೆಡಲ್ ಆಫ್ ಆನರ್’ ಪಡೆದವರ ಕಲ್ಲಿನ ಮೇಲೆ ಬಂಗಾರದ ಲೇಪ ಹಾಕುವುದು ಅಲ್ಲಿಯ ವಾಡಿಕೆ. ತನ್ನ ಕಲ್ಲು ಸಾಮಾನ್ಯ ಸಿಪಾಯಿಯ ಕಲ್ಲಿನಂತೆ ಬರಿದಾಗಿರಲಿ ಎಂದು ಅವನು ಕೇಳಿಕೊಂಡಿದ್ದ, ಹಾಗೆಯೇ ಇದೆ. ನೋಡಲು ಬರುವವರು ಎಷ್ಟೆಂದರೆ, ಅವರು ನಡೆಯುವುದಕ್ಕಾಗಿ ಅಲ್ಲಿ ಕಲ್ಲುಹಾಸಿನ ಕಾಲುದಾರಿಯನ್ನೇ ಮಾಡಬೇಕಾಯಿತು.