ಮರೆವಿನ ಕಾಯಿಲೆ: ಮನೆಯವರು ತಿಳಿದಿರಬೇಕಾದದ್ದು

(ಧರ್ಮಕೇಂದ್ರದಲ್ಲಿ ನಡೆದ ಆರೈಕೆದಾರರ ಸಭೆಯಲ್ಲಿ ಒಂದು ಕುಟುಂಬದವರು ಹಂಚಿಕೊಂಡ ಮಾತುಗಳು)



ನಾವು ಡಾಕ್ಟರಲ್ಲ. ಅಮ್ಮನನ್ನು ನೋಡಿಕೊಳ್ಳುತ್ತಾ ಕಲಿತದ್ದನ್ನಷ್ಟೇ ಹೇಳಲು ನಿಂತಿದ್ದೇವೆ.

ಮೊದಮೊದಲು ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದರು. 'ವಯಸ್ಸಾಯ್ತಲ್ಲ' ಅಂದುಕೊಂಡೆವು. ಆಮೇಲೆ ನಲವತ್ತು ವರ್ಷ ನಡೆದಾಡಿದ ಚರ್ಚಿನ ದಾರಿಯಲ್ಲೇ ಮನೆ ಯಾವ ಕಡೆ ಎಂದು ತಿಳಿಯದೆ ನಿಂತರು. ಒಂದು ದಿನ 'ನನ್ನ ಸರ ಸೊಸೆ ಕದ್ದಳು' ಎಂದು ನೆರೆಯವರ ಮುಂದೆ ಅತ್ತರು. ಸೊಸೆ ತವರಿಗೆ ಹೊರಟು ನಿಂತಳು. ಸರ ಸಿಕ್ಕಿದ್ದು ಅಕ್ಕಿ ಡಬ್ಬದಲ್ಲಿ. 'ಬೇಕೂಂತಲೇ ಮಾಡ್ತೀಯಲ್ಲಮ್ಮ!' ಎಂದು ನಾವು ಗದರಿದೆವು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಪರೀಕ್ಷೆ ಮಾಡಿಸಿದಾಗ ಡಾಕ್ಟರು 'ಡಿಮೆನ್ಷಿಯಾ' ಎಂದರು. ಇದು ಹುಚ್ಚಲ್ಲ, ಮಾಟವಲ್ಲ, ಯಾರ ಪಾಪದ ಫಲವೂ ಅಲ್ಲ. ಮೆದುಳಿನ ಜೀವಕೋಶಗಳು ಹಾಳಾಗುತ್ತಾ ಹೋಗುವ ಕಾಯಿಲೆ. ಹೆಚ್ಚಾಗಿ ಕಾಣುವ ಬಗೆ ಅಲ್ಝೈಮರ್. ಬಿ.ಪಿ., ಸಕ್ಕರೆ ಕಾಯಿಲೆಯಿಂದ ಮೆದುಳಿನ ರಕ್ತನಾಳ ಕೆಟ್ಟೂ ಬರಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಾವು ಒಬ್ಬರೇ ಅಲ್ಲ.

ಆದರೆ ಮರೆವೆಲ್ಲಾ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ಕೊರತೆ, ಬಿ12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ 'ವಯಸ್ಸಾಯ್ತು' ಎಂದು ಸುಮ್ಮನಿರಬೇಡಿ. ರಕ್ತಪರೀಕ್ಷೆ, ಡಾಕ್ಟರು ಹೇಳಿದರೆ ಸ್ಕ್ಯಾನ್ ಮಾಡಿಸಿ.

ಡಾಕ್ಟರ ಹತ್ತಿರ ಕೇಳಿ: ಇದು ಯಾವ ಬಗೆ? ಯಾವ ಹಂತ? ಮಾತ್ರೆಯಿಂದ ಏನಾಗುತ್ತದೆ? ಡೊನೆಪೆಜಿಲ್‌ನಂಥ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತದೆ, ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಈ ಸತ್ಯ ಒಪ್ಪಿಕೊಳ್ಳಲು ನಮಗೆ ತಿಂಗಳುಗಳೇ ಬೇಕಾದವು.

ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ವಾದ ನಿಲ್ಲಿಸಿದೆವು. ಊಟ, ಸ್ನಾನ, ಜಪಸರ ದಿನಾ ಅದೇ ಹೊತ್ತಿಗೆ. ಅಡುಗೆ ಮುಗಿದೊಡನೆ ಸಿಲಿಂಡರಿನ ರೆಗ್ಯುಲೇಟರ್ ಬಂದ್. ಮನೆಯ ಫೋನ್ ನಂಬರು ಬರೆದ ಚೀಟಿ ಸದಾ ಅಮ್ಮನ ಜೊತೆಗೆ. ಬ್ಯಾಂಕು, ಆಸ್ತಿಯ ವಿಷಯ ಅಮ್ಮನಿಗೆ ತಿಳಿಯುವಾಗಲೇ ಅವರನ್ನೇ ಕೇಳಿ ಮಾಡಿದೆವು.

ಮುಖ್ಯವಾಗಿ, ನೋಡಿಕೊಳ್ಳುವವರಿಗೂ ದಣಿವಿದೆ. ಹೆಚ್ಚಿನ ಮನೆಗಳಲ್ಲಿ ಅದು ಒಬ್ಬ ಹೆಂಗಸಿನ ತಲೆಯ ಮೇಲೆ ಬೀಳುತ್ತದೆ. ದೂರದಲ್ಲಿರುವ ಅಣ್ಣತಮ್ಮಂದಿರೇ, ಫೋನಿನಲ್ಲಿ ಬುದ್ಧಿ ಹೇಳುವ ಬದಲು ಬಂದು ವಾರ ಇದ್ದು ನೋಡಿ. ಹಿರಿಯರ ಸಹಾಯವಾಣಿ 14567, ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ 14416. ಕರೆ ಮಾಡಲು ನಾಚಿಕೆ ಬೇಡ.

ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರಬೇಕೆಂದು ಸಿರಾಖನ ಗ್ರಂಥದ 3ನೇ ಅಧ್ಯಾಯ ಕಲಿಸುತ್ತದೆ. ಎಷ್ಟೋ ಸಲ ಓದಿದ್ದೆವು, ಅರ್ಥವಾದದ್ದು ಈಗ.

ಅಮ್ಮನ ಸರ ಇಂದೂ ಆಗಾಗ 'ಕಳವಾಗುತ್ತದೆ'. ಸೊಸೆ ಈಗ 'ಬನ್ನಿ ಅತ್ತೆ, ಇಬ್ಬರೂ ಹುಡುಕೋಣ' ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ. ದೇವರು ನಮ್ಮೆಲ್ಲರಿಗೂ ಅಂಥ ತಾಳ್ಮೆ ಕೊಡಲಿ.